ಹೊರಡುವವರ ಚೀಲಕ್ಕೆ ಹಿರಿಯರ ಕೈ

ನಮ್ಮ ಮನೆಯ ಜಗಲಿಯ ತೊಲೆಗೆ ಅಡಿಕೆ ತೂಗುವ ತಕ್ಕಡಿಯೊಂದನ್ನು ನೇತುಹಾಕಿದ್ದೇವೆ. ಕಳೆದ ಹದಿನೈದು ದಿನಗಳಿಂದ ಅಡಿಕೆಯ ಮೂಟೆಗಿಂತ ಹೆಚ್ಚಾಗಿ ಒಂದು ಜೋಡಿ ಚೀಲವೇ ಅದನ್ನು ಏರಿ ಇಳಿಯುತ್ತಿದೆ. ನನ್ನ ಅಣ್ಣನ ಮೊಮ್ಮಗಳು, 23 ವರ್ಷದ ಹುಡುಗಿ, ಗೆಳತಿಯೊಬ್ಬಳ ಜೊತೆಯಲ್ಲಿ ಸಾಗರದಿಂದ ಕನ್ಯಾಕುಮಾರಿಗೆ ಬೈಸಿಕಲ್ಲಿನಲ್ಲಿ ಹೊರಟಿದ್ದಾಳೆ. ಹೊಸನಗರ, ನಗರ ದಾಟಿ ಹುಲಿಕಲ್ ಘಾಟಿ ಇಳಿದು ಕುಂದಾಪುರ. ಅಲ್ಲಿಂದ ಕಡಲ ದಂಡೆಯನ್ನೇ ಹಿಡಿದು ಉಡುಪಿ, ಮಂಗಳೂರು, ಕಾಸರಗೋಡು, ಕಣ್ಣೂರು, ಕೋಳಿಕ್ಕೋಡು, ಕೊಚ್ಚಿ, ಆಲಪ್ಪುಳ, ಕೊಲ್ಲಂ, ತಿರುವನಂತಪುರ, ನಾಗರಕೋಯಿಲ್. ಒಟ್ಟು 900 ಕಿಲೋಮೀಟರಿನ ಆಸುಪಾಸು. ದಿನಕ್ಕೆ 60ರಿಂದ 70ರ ಲೆಕ್ಕ ಹಿಡಿದು, ನಡುವೆ ಒಂದು ದಿನದ ವಿಶ್ರಾಂತಿಯನ್ನೂ ಸೇರಿಸಿದರೆ 15 ದಿನಗಳ ಪ್ರಯಾಣ.

ಮೊದಲ ದಿನ ತಕ್ಕಡಿ ತೋರಿಸಿದ್ದು 18 ಕಿಲೋ 600 ಗ್ರಾಮು. ಹುಡುಗಿ ಗಾಬರಿಯಾದಳು. ತಾನು ಇಟ್ಟದ್ದು 9 ಕಿಲೋವನ್ನು ಹೆಚ್ಚು ದಾಟಿರಲಾರದೆಂದು ಅವಳಿಗೆ ಖಚಿತವಾಗಿ ಗೊತ್ತಿತ್ತು. ಚೀಲಗಳನ್ನು ಜಗಲಿಯ ಮೇಲೆ ಸುರಿದು ನೋಡಿದಾಗ ಉಳಿದ ಭಾರ ಯಾರು ಯಾರದೆಂಬುದು ಬಯಲಾಯಿತು. ನನ್ನ ಅತ್ತಿಗೆಯವರದು ಎರಡು ಕಿಲೋ ಬಾಳೆಕಾಯಿ ಚಿಪ್ಸು ಮತ್ತು ಗಾಜಿನ ಶೀಶೆಯಲ್ಲಿ ಮಿಡಿ ಉಪ್ಪಿನಕಾಯಿ. ಅವಳ ತಾಯಿಯದು ಹೊದೆಯಲು ರಗ್ಗು, ಒಂದು ಛತ್ರಿ, ಸ್ಟೀಲಿನ ತಟ್ಟೆ ಲೋಟ, ಸಣ್ಣದೊಂದು ಔಷಧದಂಗಡಿಯೆನ್ನಬಹುದಾದ ಡಬ್ಬಿ. ತಂದೆಯದು ಮೂರು ಸೆಲ್ಲಿನ ಟಾರ್ಚು, ಲಾರಿಯ ಚಕ್ರ ಬಿಚ್ಚಬಹುದಾದಷ್ಟು ದೊಡ್ಡ ಸ್ಪ್ಯಾನರು. ಸತ್ಯವನ್ನು ಮುಚ್ಚಿಡುವುದೇಕೆ, ನನ್ನದೂ ಒಂದಿತ್ತು: ಕೇರಳದ ಇತಿಹಾಸವನ್ನು ಕುರಿತ ದಪ್ಪ ಪುಸ್ತಕ, 740 ಗ್ರಾಮು. ಬಾಳೆಕಾಯಿ ಚಿಪ್ಸನ್ನು ಮಲೆನಾಡಿನಿಂದ ಕೇರಳಕ್ಕೆ ಹೊತ್ತೊಯ್ಯುವ ವಿಚಾರದಲ್ಲಿ ನಾನು ಅತ್ತಿಗೆಯವರನ್ನು ಹಾಸ್ಯ ಮಾಡಹೊರಟಾಗ ಅವರು ಆ ಪುಸ್ತಕವನ್ನು ಎತ್ತಿ ತೋರಿಸಿ, "ಇದನ್ನೂ ಅಲ್ಲಿಯವರೇ ಓದಿಕೊಂಡಿದ್ದಾರೆ" ಎಂದರು. ನಾನು ಸುಮ್ಮನಾದೆ.

ನಕ್ಕು ಮರೆಯಬಹುದಾದ ಪ್ರಸಂಗವಿದು. ಆದರೆ ಮರುದಿನ ಅದೇ ಜಗಲಿಯಲ್ಲಿ ನಡೆದ ಮಾತುಕತೆ ನಗುವಂಥದ್ದಾಗಿರಲಿಲ್ಲ. "ಇಷ್ಟೂ ಬೇಡವೆಂದರೆ ಹೋಗುವುದೇ ಬೇಡ" ಎಂಬಲ್ಲಿಗೆ ಅದು ಬಂದು ನಿಂತಿತು. ಅವಳ ತಾಯಿ ನನ್ನ ಕಡೆ ತಿರುಗಿ, "ಚಿಕ್ಕಮಾವ, ನೀವು ಹೇಳಿದರೆ ಕೇಳುತ್ತಾಳೆ, ನೀವೇ ಹೇಳಿ" ಎಂದರು. ನಾನು ಹೇಳಿದ್ದು ಮನೆಯವರಿಗೆ ರುಚಿಸಲಿಲ್ಲ. ಅಂದು ನಾಲ್ಕು ವಾಕ್ಯಗಳಲ್ಲಿ ಹೇಳಿದ್ದನ್ನು ಈಗ ವಿವರವಾಗಿ ಬರೆಯುತ್ತಿದ್ದೇನೆ. ದೂರದ ಪ್ರಯಾಣಕ್ಕೆ ಹೊರಡುವವರ ಚೀಲವನ್ನು ಹೊರಡುವವರೇ ಕಟ್ಟಬೇಕು. ಹಿರಿಯರಾದ ನಾವು ಕೇಳಿದ್ದಕ್ಕೆ ಉತ್ತರ ಹೇಳಬಹುದು, ತಿಳಿದದ್ದನ್ನು ಕಲಿಸಬಹುದು, ತಕ್ಕಡಿ ಹಿಡಿದುಕೊಳ್ಳಬಹುದು. ಚೀಲದೊಳಗೆ ಕೈ ಹಾಕಬಾರದು.

ಮೊದಲು ತೂಕದ ಲೆಕ್ಕವನ್ನು ನೋಡೋಣ. ನನ್ನ ಹಳೆಯ ವಿದ್ಯಾರ್ಥಿಗಳು ಇಲ್ಲಿ ಮುಗುಳ್ನಗುತ್ತಿರಬಹುದು. ಯಾವ ವಿಷಯಕ್ಕೆ ಹೊರಟರೂ ಮೇಷ್ಟ್ರು ಕೊನೆಗೆ ಕಪ್ಪುಹಲಗೆಗೇ ಬರುತ್ತಾರೆಂದು. ಹುಡುಗಿಯ ತೂಕ 52 ಕಿಲೋ, ಸೈಕಲ್ಲು 14. ಚೀಲ 9 ಇದ್ದರೆ ಒಟ್ಟು 75. 19 ಇದ್ದರೆ 85. ಏರಿನಲ್ಲಿ ಈ 85 ಕಿಲೋವನ್ನು ಎತ್ತಲು ಮೊದಲಿಗಿಂತ ಶೇಕಡಾ 13ರಷ್ಟು ಹೆಚ್ಚು ದುಡಿಯಬೇಕು, ಇಲ್ಲವೇ ಅಷ್ಟರಮಟ್ಟಿಗೆ ನಿಧಾನವಾಗಿ ಹತ್ತಬೇಕು. ಸಮತಟ್ಟಾದ ರಸ್ತೆಯಲ್ಲಿ ಹೆಚ್ಚಿನ ತೂಕ ಅಷ್ಟೇನೂ ಕಾಡುವುದಿಲ್ಲವೆಂಬುದು ನಿಜ. ಅಲ್ಲಿ ಎದುರಾಳಿ ಗಾಳಿ. ಕರಾವಳಿಯಲ್ಲಿ ಹೊತ್ತೇರಿದ ಮೇಲೆ ಕಡಲ ಗಾಳಿ ಬೀಸಲಾರಂಭಿಸುತ್ತದೆ. ಆದ್ದರಿಂದ ಬೆಳಗಿನ ಹೊತ್ತಿನಲ್ಲೇ ಬಹುಪಾಲು ದಾರಿ ಕ್ರಮಿಸಬೇಕೆಂಬುದು ಬೇರೆ ಮಾತು. ಆದರೆ ಕಾಸರಗೋಡು, ಕಣ್ಣೂರಿನ ಕಡೆಯ ದಾರಿಯನ್ನು ಸಮತಟ್ಟೆಂದು ತಿಳಿದವರು ಬಸ್ಸಿನಲ್ಲಿ ಕುಳಿತು ಹೋದವರೇ ಇರಬೇಕು. ಜಂಬಿಟ್ಟಿಗೆಯ ದಿಬ್ಬ ಹತ್ತುವುದು, ಹೊಳೆಯ ಸೇತುವೆಗೆ ಇಳಿಯುವುದು, ಮತ್ತೆ ಹತ್ತುವುದು, ಇದೇ ಅಲ್ಲಿಯ ಕ್ರಮ.

ಏರಿಗಿಂತ ನನ್ನನ್ನು ಹೆಚ್ಚು ಯೋಚನೆಗೆ ಹಚ್ಚಿದ್ದು ಇಳಿತ. ಘಾಟಿಯ ಇಳಿತ 500 ಮೀಟರೆಂದು ಇಟ್ಟುಕೊಳ್ಳಿ. 85 ಕಿಲೋ ಭಾರ ಅಷ್ಟು ಕೆಳಕ್ಕೆ ಬರುವಾಗ ಬಿಡುಗಡೆಯಾಗುವ ಶಕ್ತಿ ನಾಲ್ಕು ಲಕ್ಷ ಜೂಲುಗಳಿಗೂ ಮಿಗಿಲು. ಒಂದೂಕಾಲು ಲೀಟರು ತಣ್ಣೀರನ್ನು ಕುದಿಯುವ ಮಟ್ಟಕ್ಕೆ ತರಲು ಅಷ್ಟು ಸಾಕು. ನಿಧಾನವಾಗಿ ಇಳಿಯುವವರ ಪಾಲಿಗೆ ಇದರ ಬಹುಭಾಗವೆಲ್ಲ ಬ್ರೇಕಿನ ರಬ್ಬರು ಮತ್ತು ರಿಮ್ಮುಗಳ ನಡುವೆ ಬಿಸಿಯಾಗಿ ಹೋಗಬೇಕು. ಸವೆದ ರಬ್ಬರು, ಸಡಿಲ ತಂತಿ, ಹಿಂದೆ ಹತ್ತೊಂಬತ್ತು ಕಿಲೋ. ಎರಡೂ ಬ್ರೇಕುಗಳನ್ನು ಬಿಗಿಹಿಡಿದು ಎಳೆಯುತ್ತಲೇ ಇರುವುದಕ್ಕಿಂತ ಹಿಡಿದು ಬಿಡುತ್ತ, ನಡುವೆ ನಿಂತು ರಿಮ್ಮು ತಣಿಯಲು ಬಿಟ್ಟು ಇಳಿಯುವುದು ಮೇಲು. ಪ್ರೀತಿಯಿಂದ ಚೀಲಕ್ಕೆ ತುರುಕಿದ ಉಪ್ಪಿನಕಾಯಿಯ ಶೀಶೆ ಘಾಟಿಯ ತಿರುವಿನಲ್ಲಿ ಹುಡುಗಿಯ ಬೆನ್ನ ಹಿಂದೆ ನಿಂತು ಅವಳನ್ನು ಮುಂದಕ್ಕೆ ದೂಡುತ್ತಿರುತ್ತದೆ. ಇದನ್ನು ಹೀಗೆಯೇ ಹೇಳಿದಾಗ ಅತ್ತಿಗೆಯವರು ಎದ್ದು ಹೋಗಿ ಶೀಶೆಯನ್ನು ತಾವೇ ಒಳಗಿಟ್ಟು ಬಂದರು. ಚಿಪ್ಸನ್ನು ಮಾತ್ರ ಒಳಗಿಡಲಿಲ್ಲ.

ಹಾಗಾದರೆ ಏನನ್ನು ಒಯ್ಯಬೇಕು? ಈ ಪ್ರಶ್ನೆಗೆ ನಮ್ಮ ಕಾಲದ ಉತ್ತರ ಈಗ ಹೊಂದುವುದಿಲ್ಲವೆಂದು ಈ ಹದಿನೈದು ದಿನಗಳಲ್ಲಿ ಕಲಿತೆ. ನಾವು ಓಡಿಸುತ್ತಿದ್ದ ದೊಡ್ಡ ಕಪ್ಪು ಸೈಕಲ್ಲಿನ ಟಯರು 28 ಇಂಚು, ಒಂದೂವರೆ ಇಂಚು ದಪ್ಪ. ಅದು ಯಾವ ಸಂತೆಯ ಊರಿನಲ್ಲಾದರೂ ಸಿಗುತ್ತಿತ್ತು. ಕಾಟರ್ ಪಿನ್ನು ಸಡಿಲವಾದರೆ ಸುತ್ತಿಗೆಯಿದ್ದ ಕಮ್ಮಾರನೂ ಬಡಿದು ಕೂರಿಸುತ್ತಿದ್ದ. ಹುಡುಗಿಯ ಸೈಕಲ್ಲು ಗೇರಿನದು, ಅದರ ಟಯರು 700ರ ಅಳತೆಯದು. ಅದರ ಟ್ಯೂಬಿಗೆ ಸಣ್ಣ ಕುತ್ತಿಗೆಯ ಪ್ರೆಸ್ಟಾ ವಾಲ್ವು. ಪೆಟ್ರೋಲ್ ಬಂಕಿನ ಗಾಳಿಯ ಕೊಳವೆ ಅದಕ್ಕೆ ಕೂರುವುದೇ ಇಲ್ಲ. ಬೆರಳ ತುದಿಯಷ್ಟು ದೊಡ್ಡದಾದ ಹಿತ್ತಾಳೆಯ ಅಡಾಪ್ಟರೊಂದನ್ನು ತಿರುಗಿಸಿ ಹಾಕಿದರೆ ಕೂರುತ್ತದೆ. ಹಿಂದಿನ ಗೇರನ್ನು ಚೌಕಟ್ಟಿಗೆ ಜೋಡಿಸುವ ಇನ್ನೊಂದು ಪುಟ್ಟ ಲೋಹದ ತುಂಡಿದೆ, ಅದಕ್ಕೆ ಹ್ಯಾಂಗರ್ ಎನ್ನುತ್ತಾರಂತೆ. ಸೈಕಲ್ಲು ಬಲಮಗ್ಗುಲಿಗೆ ಬಿದ್ದರೆ ಬೆಲೆಬಾಳುವ ಚೌಕಟ್ಟು ಉಳಿದು ಆ ತುಂಡು ಬಾಗಲಿ ಎಂದೇ ಅದನ್ನು ಮೆದುವಾಗಿ ಮಾಡಿರುತ್ತಾರೆ. ಒಂದೊಂದು ಬಗೆಯ ಚೌಕಟ್ಟಿಗೂ ಅದರ ಆಕಾರ ಬೇರೆ. ಅದು ಮುರಿದರೆ ಪೊನ್ನಾಣಿಯಲ್ಲೋ ಕಾಯಂಕುಳಂನಲ್ಲೋ ಸಿಗುವ ಭರವಸೆಯಿಲ್ಲ. ಆದರೆ ಅದರ ತೂಕ ಒಂದು ಹಿಡಿ ಕಡಲೆಕಾಯಿಯಷ್ಟೂ ಇಲ್ಲ.

ಆದ್ದರಿಂದ ಅವಳು ಹಾಕಿಕೊಂಡ ನಿಯಮ ನನಗೆ ಬಹಳ ಮೆಚ್ಚಿಗೆಯಾಯಿತು. ದಾರಿಯಲ್ಲಿ ಸಿಗುವುದನ್ನು ಹೊರಬಾರದು, ಸಿಗದಿರುವುದನ್ನು ಮರೆಯಬಾರದು. ಕರಾವಳಿಯುದ್ದಕ್ಕೂ ಚಹಾದಂಗಡಿಗಳಿವೆ, ಔಷಧದ ಅಂಗಡಿಗಳಿವೆ, ಗಂಜಿ, ಪುಟ್ಟು, ಬಾಳೆಹಣ್ಣು ಎಲ್ಲವೂ ಇವೆ. ಹ್ಯಾಂಗರು, ಎರಡು ಟ್ಯೂಬು, ತನ್ನ ಚಕ್ರದ ಅಳತೆಯ ಮೂರು ಕಡ್ಡಿ, ಚೈನಿನ ಒಂದು ಕೂಡುಕೊಂಡಿ, ಬ್ರೇಕಿನ ರಬ್ಬರು ಇಲ್ಲ. ಹಿರಿಯರ ಕಣ್ಣಿಗೆ ಬೀಳುವುದು ಯಾವಾಗಲೂ ಮೊದಲನೆಯ ಗುಂಪಿನ ವಸ್ತುಗಳೇ. ನಾವು ತುಂಬಿದ 9 ಕಿಲೋದಲ್ಲಿ ಕಣ್ಣೂರಿನಲ್ಲಿ ಸಿಗದ ವಸ್ತು ಒಂದೂ ಇರಲಿಲ್ಲ. ಪ್ರಯಾಣವನ್ನೇ ನಿಲ್ಲಿಸಬಲ್ಲ ಆ ಪುಟ್ಟ ತುಂಡಿನ ಹೆಸರೂ ನಮಗೆ ಗೊತ್ತಿರಲಿಲ್ಲ.

ಈ ಬಗೆಯ ವಿವೇಕ ಹೊಸತೇನೂ ಅಲ್ಲ. ಥಾಮಸ್ ಸ್ಟೀವನ್ಸ್ 1884ರ ಏಪ್ರಿಲ್‌ನಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಿಂದ ಹೊರಟದ್ದು ಮುಂದೆ ಆಳೆತ್ತರದ ಚಕ್ರ, ಹಿಂದೆ ಪುಟ್ಟ ಚಕ್ರವಿದ್ದ ಹಳೆಯ ಮಾದರಿಯ ಸೈಕಲ್ಲಿನಲ್ಲಿ. ಒಯ್ದದ್ದು ಕಾಲುಚೀಲ, ಒಂದು ಹೆಚ್ಚುವರಿ ಅಂಗಿ, ಡೇರೆಯೂ ಹಾಸಿಗೆಯೂ ಆಗಬಲ್ಲ ಒಂದು ಮಳೆಯಂಗಿ, ಒಂದು ಪಿಸ್ತೂಲು. 1886ರಲ್ಲಿ ಆತ ಲಾಹೋರಿನಿಂದ ಕಲ್ಕತ್ತೆಯವರೆಗೆ ನಮ್ಮ ಗ್ರ್ಯಾಂಡ್ ಟ್ರಂಕ್ ರಸ್ತೆಯಲ್ಲಿಯೂ ತುಳಿದ. ಅದೇ ಡಿಸೆಂಬರಿನಲ್ಲಿ ಯೊಕೊಹಾಮಾ ಮುಟ್ಟಿದ. 1894ರ ಜೂನಿನಲ್ಲಿ ಬಾಸ್ಟನ್ನಿನಿಂದ ಹೊರಟ ಆನಿ ಲಂಡನ್‌ಡೆರಿ ಮೂರು ಮಕ್ಕಳ ತಾಯಿ. ಉದ್ದ ಲಂಗ ತೊಟ್ಟು 42 ಪೌಂಡಿನ ಹೆಂಗಸರ ಸೈಕಲ್ಲಿನಲ್ಲಿ ಹೊರಟಾಕೆ ಶಿಕಾಗೋ ತಲುಪುವ ಹೊತ್ತಿಗೆ ಕೈಚೆಲ್ಲುವ ಸ್ಥಿತಿಗೆ ಬಂದಿದ್ದಳು. ಅಲ್ಲಿ 21 ಪೌಂಡಿನ, ಗಂಡಸರ ಮಾದರಿಯ ಸೈಕಲ್ಲನ್ನು ಹಿಡಿದಳು, ಲಂಗವನ್ನು ಬಿಟ್ಟು ಅಗಲದ ಷರಾಯಿ ತೊಟ್ಟಳು. 1895ರ ಸೆಪ್ಟೆಂಬರಿನಲ್ಲಿ ಶಿಕಾಗೋಗೆ ಮರಳಿದಳು. ದಾರಿಯ ಬಹುಪಾಲು ಹಡಗಿನಲ್ಲಾಯಿತು, ಪತ್ರಿಕೆಗಳಿಗೆ ಹೇಳಿದ ಕಥೆಗಳಲ್ಲಿ ಒಗ್ಗರಣೆಯೂ ಸಾಕಷ್ಟಿತ್ತು. ಆದರೂ ಅರ್ಧ ಭಾರವನ್ನು ಕಳಚಿದ ಆ ಶಿಕಾಗೋದ ನಿರ್ಧಾರ ಮಾತ್ರ ಸುಳ್ಳಲ್ಲ. ಐರ್ಲೆಂಡಿನ ಡರ್ವ್ಲಾ ಮರ್ಫಿ ಹತ್ತನೆಯ ಹುಟ್ಟುಹಬ್ಬಕ್ಕೆ ಹಳೆಯ ಸೈಕಲ್ಲೊಂದನ್ನೂ ಭೂಪಟದ ಪುಸ್ತಕವನ್ನೂ ಪಡೆದು, ಭಾರತಕ್ಕೆ ಸೈಕಲ್ಲಿನಲ್ಲಿ ಹೋಗುತ್ತೇನೆಂದು ಆಗಲೇ ಮನಸ್ಸು ಮಾಡಿದ ಹುಡುಗಿ. ಹಾಸಿಗೆ ಹಿಡಿದ ತಾಯಿಯ ಆರೈಕೆಯಲ್ಲಿ ವರ್ಷಗಳು ಕಳೆದು, 1963ರ ಜನವರಿಯಲ್ಲಿ ಡಂಕರ್ಕಿನಿಂದ ಹೊರಟು ದೆಹಲಿ ತಲುಪಿದಾಗ ಆಕೆಗೆ 31 ವರ್ಷ. ಏಷ್ಯಾದ ಒರಟು ದಾರಿಗೆ ತಾಳದೆಂದು ಗೇರುಗಳನ್ನು ಕಳಚಿಸಿಯೇ ಹೊರಟಿದ್ದಳು. ದಾರಿಯಲ್ಲಿ ಸಿಗದ ಟಯರುಗಳನ್ನು ಬೆನ್ನ ಮೇಲೆ ಹೊರದೆ ಮುಂದಿನ ಊರುಗಳಿಗೆ ಮೊದಲೇ ಕಳುಹಿಸಿಕೊಟ್ಟಿದ್ದಳು. ಇದನ್ನು ಓದಿ ಹೇಳಿದಾಗ ನಮ್ಮ ಹುಡುಗಿ, "ಚಿಕ್ಕಜ್ಜ, ನನಗೆ ಗೇರು ಬೇಕೇ ಬೇಕು" ಎಂದು ಆತುರದಿಂದ ಹೇಳಿದಳು. ಬೇಕು, ಸಂದೇಹವಿಲ್ಲ.

ಇನ್ನೊಂದು ತುದಿಯ ಉದಾಹರಣೆಯೂ ನಮ್ಮ ದೇಶದ್ದೇ. ಸತೀಶ ಕುಮಾರ್ ಮತ್ತು ಇ. ಪಿ. ಮೆನನ್ 1962ರಲ್ಲಿ ದೆಹಲಿಯಿಂದ ಶಾಂತಿಯಾತ್ರೆಯಾಗಿ ಮಾಸ್ಕೋ ಮಾರ್ಗವಾಗಿ ನಡೆದು ಹೊರಟಾಗ ಜೇಬಿನಲ್ಲಿ ಒಂದು ಕಾಸನ್ನೂ ಇಟ್ಟುಕೊಳ್ಳಬೇಡಿರೆಂದು ಹೇಳಿದವರು ವಿನೋಬಾ. ನಾನು ಆ ಎತ್ತರಕ್ಕೆ ಏರಲಾರೆ. ಹುಡುಗಿಯ ಚೀಲದಲ್ಲಿ ಹಣವಿರಲಿ.

ನಮ್ಮದೇ ಕಥೆಯನ್ನು ಕೇಳಿದವರು ಬಹಳ ಮಂದಿ ಇದ್ದೀರಿ, ಆದ್ದರಿಂದ ಚಿಕ್ಕದಾಗಿ ಹೇಳಿ ಮುಗಿಸುತ್ತೇನೆ. 1977ರ ದಸರೆ ರಜೆಯಲ್ಲಿ ನಾವು ಮೂವರು ತರುಣ ಉಪಾಧ್ಯಾಯರು ಸಾಗರದಿಂದ ಶಿವಮೊಗ್ಗ, ತರೀಕೆರೆ, ಕಡೂರು, ಅರಸೀಕೆರೆಯ ದಾರಿಯಾಗಿ ಶ್ರವಣಬೆಳಗೊಳಕ್ಕೆ ಸೈಕಲ್ ತುಳಿದೆವು. ನನ್ನ ಕ್ಯಾರಿಯರಿನ ಮೇಲೆ ಸೀಮೆಎಣ್ಣೆಯ ಸ್ಟೋವ್ ಇತ್ತು. ಹೋಟೆಲಿನ ಊಟ ಮಗನ ಹೊಟ್ಟೆಗೆ ಒಗ್ಗದೆಂದು ನನ್ನ ತಾಯಿಯೇ ಅದನ್ನು ಹಗ್ಗದಿಂದ ಬಿಗಿದು ಕಟ್ಟಿದ್ದರು. ಬೇಡವೆನ್ನುವ ಧೈರ್ಯ 28 ವರ್ಷದ ಗಂಡಸಿಗೆ ಇರಲಿಲ್ಲ. ಭದ್ರಾವತಿ ದಾಟುವಷ್ಟರಲ್ಲಿ ಅದು ಸೋರಿ ಕೆಳಗಿದ್ದ ಅವಲಕ್ಕಿಯ ಚೀಲವನ್ನು ಸೇರಿತು. ಎರಡು ದಿನ ನಾವು ಸೀಮೆಎಣ್ಣೆಯ ಪರಿಮಳದ ಅವಲಕ್ಕಿ ತಿಂದೆವು, ಚೆಲ್ಲಲು ಮನಸ್ಸು ಬಾರದೆ. ತರೀಕೆರೆಯಲ್ಲಿ ಆ ಸ್ಟೋವನ್ನು ಒಬ್ಬ ಹೋಟೆಲಿನವರ ವಶಕ್ಕೆ ಕೊಟ್ಟು, ಬರುವಾಗ ತೆಗೆದುಕೊಳ್ಳುತ್ತೇವೆಂದು ಹೇಳಿ, ಬರುವಾಗ ಬೇಕೆಂದೇ ಬೇರೆ ದಾರಿ ಹಿಡಿದೆವು. ತಾಯಿಗೆ ಕೊನೆಯವರೆಗೂ ಕಳುವಾಯಿತೆಂದೇ ಹೇಳಿದ್ದೆ.

ಇನ್ನು ಮನೆಯವರ ನಿಜವಾದ ಆತಂಕದ ಮಾತಿಗೆ ಬರುತ್ತೇನೆ. ರಗ್ಗು, ಟಾರ್ಚು, ಚಿಪ್ಸುಗಳ ಹಿಂದೆ ಇರುವುದು ಭಯವೆಂಬುದು ಯಾರಿಗೆ ಗೊತ್ತಿಲ್ಲ? ಇಬ್ಬರು ಹೆಣ್ಣುಮಕ್ಕಳು, ಪರಸ್ಥಳ, ಹದಿನೈದು ರಾತ್ರಿ. ಆ ಭಯ ಹುರುಳಿಲ್ಲದ್ದೆಂದು ನಾನು ಹೇಳುವುದಿಲ್ಲ. ಮೇಲೆ ಹೆಸರಿಸಿದ ಸ್ಟೀವನ್ಸ್, ಲಂಡನ್‌ಡೆರಿ, ಮರ್ಫಿ ಮೂವರ ಬಳಿಯೂ ಪಿಸ್ತೂಲು ಇತ್ತು, ಮರ್ಫಿಗೆ ಅದನ್ನು ಬಳಸುವ ಸಂದರ್ಭವೂ ಬಂತು. ನಮ್ಮ ಹುಡುಗಿಯ ಬಳಿ ಮೆಣಸಿನ ಸ್ಪ್ರೇ ಇದೆ. ತಂದೆ ತಂದ ವಸ್ತುಗಳ ಪೈಕಿ ಅವಳು ಮರುಮಾತಿಲ್ಲದೆ ಇರಿಸಿಕೊಂಡದ್ದು ಅದೊಂದನ್ನೇ. ಆದರೆ ಭಯಕ್ಕೆ ಉತ್ತರ ಕೊಡಬಲ್ಲ ವಸ್ತುಗಳು ಕೆಲವೇ. ಉಳಿದದ್ದೆಲ್ಲ ತಿಳಿವಳಿಕೆಯ ಕೆಲಸ. ಹೆದ್ದಾರಿಯಲ್ಲಿ ನಾನು ಅಂಜುವುದು ಕಳ್ಳಕಾಕರಿಗಿಂತ ಹೆಚ್ಚಾಗಿ ಹಿಂದಿನಿಂದ ಬರುವ ಲಾರಿಗೆ. ಅದಕ್ಕೆ ಬೇಕಾದದ್ದು ಹಗಲಲ್ಲೂ ಮಿನುಗುವ ಹಿಂಬದಿಯ ಕೆಂಪು ದೀಪ, ಎದ್ದು ಕಾಣುವ ಬಣ್ಣದ ಅಂಗಿ, ಕತ್ತಲಾಗುವ ಮುಂಚೆ ಊರು ಸೇರಿಬಿಡಬೇಕೆಂಬ ಕಟ್ಟುನಿಟ್ಟು. ಮೊದಲ ನಾಲ್ಕು ರಾತ್ರಿಗಳ ತಂಗುದಾಣ ನಿಶ್ಚಯವಾಗಿದೆ. ಸಂಜೆ ಒಂದು ಕರೆ, 112ರ ಸಂಖ್ಯೆ ಇಬ್ಬರ ಬಾಯಲ್ಲೂ ಇದೆ. "ಇವೆಲ್ಲ ಎಷ್ಟು ತೂಕ ಬರುತ್ತವೆ ನೋಡು" ಎಂದು ನಾನು ಅವಳ ತಾಯಿಗೆ ಹೇಳಿದೆ. ಅವರು, "ನಿಮಗೆ ಹೆಣ್ಣುಮಕ್ಕಳಿಲ್ಲ ಚಿಕ್ಕಮಾವ" ಎಂದರು. ಆ ಮಾತಿಗೆ ನನ್ನಲ್ಲಿ ಉತ್ತರವಿಲ್ಲ. ಆದರೆ ಹೆಣ್ಣುಮಕ್ಕಳ ವಿಷಯದಲ್ಲಿ ಭಯಪಟ್ಟು ನಿರ್ಧಾರ ಮಾಡಿದ ಅನುಭವ ನನಗಿದೆ. ಅದನ್ನು ಇಲ್ಲಿಯವರೆಗೆ ಬರೆದಿರಲಿಲ್ಲ.

1992ರ ಮಾತು. ನಾನಾಗ ಕೆಲಸ ಮಾಡುತ್ತಿದ್ದ ಪ್ರೌಢಶಾಲೆಯ ಹತ್ತನೆಯ ತರಗತಿಯ ಮಕ್ಕಳು ಜೋಗಕ್ಕೆ ಸೈಕಲ್ ಪ್ರವಾಸ ಹೋಗಬೇಕೆಂದು ಹೆಸರು ಬರೆದು ತಂದುಕೊಟ್ಟರು. ಹೋಗುವುದಕ್ಕೆ 30 ಕಿಲೋಮೀಟರು, ಅಷ್ಟೇ. ಹದಿನೇಳು ಹೆಸರುಗಳಲ್ಲಿ ನಾಲ್ಕು ಹುಡುಗಿಯರವು. ನಾನು ಆ ನಾಲ್ಕು ಹೆಸರುಗಳ ಮೇಲೆ ಕೆಂಪು ಶಾಯಿಯಲ್ಲಿ ಗೆರೆ ಎಳೆದೆ. ಹೆಚ್ಚುಕಡಿಮೆಯಾದರೆ ಹೊಣೆ ಯಾರು ಎಂದು ಕೇಳಿದೆ. ಯಾರೂ ಉತ್ತರ ಹೇಳಲಿಲ್ಲ. ಉತ್ತರ ಹೇಳಲಿ ಎಂದು ನಾನು ಕೇಳಿರಲೂ ಇಲ್ಲ. ಅದೇ ಸುಮಾರಿಗೆ ತಮಿಳುನಾಡಿನ ಪುದುಕ್ಕೋಟ್ಟೈ ಜಿಲ್ಲೆಯಲ್ಲಿ ಸಾಕ್ಷರತಾ ಆಂದೋಲನದ ಅಂಗವಾಗಿ ಸಾವಿರಾರು ಗ್ರಾಮೀಣ ಹೆಂಗಸರು ಸೈಕಲ್ ಕಲಿತು ಬೀದಿಗಿಳಿದಿದ್ದರೆಂಬುದನ್ನು ಬಹಳ ಕಾಲದ ನಂತರ ಓದಿದೆ.

ಪ್ರವಾಸಕ್ಕೆ ನಾನೂ ಹೋಗಿದ್ದೆ. ತಾಳಗುಪ್ಪಕ್ಕೆ ಇನ್ನೂ ನಾಲ್ಕು ಕಿಲೋಮೀಟರಿರುವಾಗ ಒಂದು ಸೈಕಲ್ಲಿನ ಹಿಂದಿನ ಚಕ್ರ ಪಂಕ್ಚರಾಯಿತು. ಸ್ವಲ್ಪ ಮುಂದೆ ಇನ್ನೊಂದು. ಹದಿಮೂರು ಹುಡುಗರು, ಒಬ್ಬ ವಿಜ್ಞಾನದ ಮೇಷ್ಟ್ರು. ಒಬ್ಬರಿಗೂ ಟ್ಯೂಬು ಬಿಚ್ಚಿ ಪ್ಯಾಚು ಹಾಕಲು ಬಾರದು, ಬಂದರೂ ಸಾಮಾನಿಲ್ಲ. ಎಲ್ಲರೂ ಇಳಿದು ತಾಳಗುಪ್ಪದವರೆಗೆ ಸೈಕಲ್ಲುಗಳನ್ನು ನೂಕಿಕೊಂಡು ನಡೆದೆವು. ಜಲಪಾತ ನೋಡಿದಾಗ ಮಧ್ಯಾಹ್ನ ಕಳೆದಿತ್ತು.

ಎರಡು ವರ್ಷಗಳ ಹಿಂದೆ ಆ ನಾಲ್ವರಲ್ಲಿ ಒಬ್ಬಾಕೆ ನನಗೆ ದೂರವಾಣಿ ಮಾಡಿದರು. (ಶಾಲೆಯಲ್ಲಿ ಏಕವಚನದಲ್ಲಿಯೇ ಕರೆದದ್ದು, ಈಗ ಹಾಗೆ ಬರೆಯಲು ಕೈ ಬರುವುದಿಲ್ಲ.) ಯಾವುದೋ ಮದುವೆಗೆ ಕರೆಯಲೆಂದು ಮಾಡಿದ ಕರೆ. ಮಾತಿನ ನಡುವೆ ನಾನೇ ಆ ಜೋಗದ ಪ್ರವಾಸದ ಪಂಕ್ಚರಿನ ಕಥೆಯನ್ನು ತಮಾಷೆಗೆಂದು ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಸಾರ್, ನಮ್ಮ ಸೋದರಮಾವನದು ಸೈಕಲ್ ಷಾಪು. ಪಂಕ್ಚರ್ ಹಾಕುವುದನ್ನು ನಾನು ಎಂಟನೇ ಕ್ಲಾಸಿನಲ್ಲೇ ಕಲಿತಿದ್ದೆ. ಆ ಪ್ರವಾಸಕ್ಕೆಂದು ಸೊಲ್ಯೂಷನ್, ಪ್ಯಾಚು, ಉಜ್ಜುಕಾಗದ, ಪಂಪು ಎಲ್ಲ ಹಿಂದಿನ ರಾತ್ರಿಯೇ ಚೀಲಕ್ಕೆ ಹಾಕಿಟ್ಟುಕೊಂಡಿದ್ದೆ. ನೀವು ಬೆಳಗ್ಗೆ ಮನಸ್ಸು ಬದಲಾಯಿಸಬಹುದು ಎಂದು ಗೇಟಿನ ಹತ್ತಿರ ನಿಂತಿದ್ದೆ" ಎಂದರು.

ಅವರು ಗೇಟಿನ ಬಳಿ ನಿಂತಿದ್ದನ್ನು ನಾನು ಕಂಡಿದ್ದೆನೇ? ಕಂಡಿದ್ದೆ ಎಂದೇ ಈಗ ನನಗೆ ಅನ್ನಿಸುತ್ತದೆ. 2006–07ರಲ್ಲಿ ಸರ್ಕಾರ ಎಂಟನೆಯ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ಕೊಡಲಾರಂಭಿಸಿದಾಗ ನಾನು ನಿವೃತ್ತಿಯ ಅಂಚಿನಲ್ಲಿದ್ದೆ. ಹುಡುಗಿಯರ ಸಾಲು ಸಾಲು ಸೈಕಲ್ಲುಗಳು ಶಾಲೆಯ ಗೇಟು ದಾಟುವುದನ್ನು ನೋಡಿ ವೇದಿಕೆಯ ಮೇಲೆ ಬಹಳ ಉದಾತ್ತವಾದ ಭಾಷಣವನ್ನೂ ಮಾಡಿದ್ದೆ. ಹದಿನಾಲ್ಕು ವರ್ಷಗಳ ಹಿಂದಿನ ಕೆಂಪು ಗೆರೆ ಅಂದು ನೆನಪಾಗಲಿಲ್ಲ.

ಆದ್ದರಿಂದಲೇ "ನೀವೇ ಹೇಳಿ ಚಿಕ್ಕಮಾವ" ಎಂದಾಗ ನಾನು ಹುಡುಗಿಗೆ ಏನನ್ನೂ ಹೇಳದೆ ಆ ಹಳೆಯ ವಿದ್ಯಾರ್ಥಿನಿಗೆ ದೂರವಾಣಿ ಮಾಡಿದೆ. ಕಳೆದ ಭಾನುವಾರ ಅವರು ಶಿವಮೊಗ್ಗದಿಂದ ಬಂದರು. ಅಂಗಳದಲ್ಲಿ ಅಗಲದ ಬೋಗುಣಿಗೆ ನೀರು ತುಂಬಿಸಿಕೊಂಡು, ಸೀರೆಯ ಸೆರಗನ್ನು ಸೊಂಟಕ್ಕೆ ಬಿಗಿದು ಕುಳಿತರು. ಗಾಳಿ ತುಂಬಿದ ಟ್ಯೂಬನ್ನು ನೀರಿನಲ್ಲಿ ಮುಳುಗಿಸಿ ಗುಳ್ಳೆ ಏಳುವ ಜಾಗವನ್ನು ಗುರುತಿಸುವುದು, ಒರೆಸಿ ಒಣಗಿಸುವುದು, ಉಜ್ಜುವುದು, ಸೊಲ್ಯೂಷನ್ ಹಚ್ಚಿದ ಮೇಲೆ ಅದು ಬೆರಳಿಗೆ ಅಂಟದಷ್ಟು ಆರುವವರೆಗೆ ಕಾಯುವುದು. "ಇಲ್ಲೇ ಎಲ್ಲರೂ ಆತುರಪಡುವುದು" ಎಂದರು. ಪ್ಯಾಚು ಒತ್ತಿಯಾದ ಮೇಲೆ ಟ್ಯೂಬನ್ನು ಒಳಗೆ ಹಾಕಹೊರಟ ಹುಡುಗಿಯ ಕೈ ಹಿಡಿದು ನಿಲ್ಲಿಸಿ, ಬಟ್ಟೆಯ ಚೂರೊಂದನ್ನು ಟಯರಿನ ಒಳಮೈಯುದ್ದಕ್ಕೂ ಸವರಿಸಿದರು. ಒಂದು ಕಡೆ ಬಟ್ಟೆ ಸಿಕ್ಕಿಕೊಂಡಿತು. ಜಾಲಿಮುಳ್ಳಿನ ತುದಿ ಅಲ್ಲೇ ಇತ್ತು. ಅದನ್ನು ತೆಗೆಯದೆ ಹಾಕಿದ್ದರೆ ನೂರು ಮಾರು ಹೋಗುವುದರೊಳಗೆ ಅದೇ ಕಥೆ. ಹುಡುಗಿ ಹಿಂದಿನ ಚಕ್ರವನ್ನು ಆರು ಸಲ ಬಿಚ್ಚಿ ಹಾಕಿದಳು. ಆರನೆಯ ಸಲಕ್ಕೆ 14 ನಿಮಿಷ. ವಾಪಸು ಬರುವಾಗ ರೈಲಿನ ಪಾರ್ಸೆಲ್ಲಿಗೆ ಹಾಕಲು ಪೆಡಲು ಬಿಚ್ಚಬೇಕಾಗಬಹುದೆಂದು ಅದನ್ನೂ ತೋರಿಸಿಕೊಟ್ಟರು; ಎಡಪೆಡಲಿನ ತಿರುಪು ತಿರುಗುಮುರುಗಾಗಿರುವುದನ್ನು ತಿಳಿಯದೆ ಬಲಪ್ರಯೋಗ ಮಾಡಿ ಕೆಡಿಸುವವರೇ ಹೆಚ್ಚಂತೆ.

ನಾನು ಜಗಲಿಯಲ್ಲಿ ಕುಳಿತು ನೋಡುತ್ತಿದ್ದೆ. ಕೆಲಸ ಮುಗಿದ ಮೇಲೆ ಅವರ ಕೈಗೆ ಬೂದಿ, ಬಿಸಿನೀರು ಕೊಟ್ಟೆ. ಕ್ಷಮೆ ಕೇಳಬೇಕೆಂದು ಎರಡು ದಿನದಿಂದ ವಾಕ್ಯವನ್ನು ಜೋಡಿಸಿಕೊಂಡಿದ್ದವನಿಗೆ ಆಗ ಬಾಯಿ ಬರಲಿಲ್ಲ. ಇಲ್ಲಿ ಬರೆಯುತ್ತಿದ್ದೇನೆ: ಅಂದು ನಾನು ಮಾಡಿದ್ದು ತಪ್ಪು. ಉಳಿದ ಮೂವರೂ ಇದನ್ನು ಓದಿಯಾರೆಂಬ ಆಸೆಯಿದೆ.

ಈ ಕೊನೆಯ ವಾರದ ಕೆಲಸಗಳನ್ನು ಹೇಳಿಬಿಡುತ್ತೇನೆ. ಚೀಲ ಹೇರಿಕೊಂಡು ಇಕ್ಕೇರಿಗೂ ಕೆಳದಿಗೂ ಹೋಗಿಬಂದದ್ದಾಯಿತು. ಖಾಲಿ ಸೈಕಲ್ಲಿನಲ್ಲಿ ಎಷ್ಟು ಅಭ್ಯಾಸ ಮಾಡಿದರೂ ಅದು ಅರ್ಧ ಅಭ್ಯಾಸವೇ. ಇಕ್ಕೇರಿಯ ದಾರಿಯಲ್ಲಿ ಪ್ರತಿ ತುಳಿತಕ್ಕೂ ಹಿಮ್ಮಡಿ ಚೀಲಕ್ಕೆ ತಗಲುತ್ತಿತ್ತು, ಕ್ಯಾರಿಯರಿನಲ್ಲಿ ಚೀಲವನ್ನು ನಾಲ್ಕು ಬೆರಳು ಹಿಂದಕ್ಕೆ ಸರಿಸಬೇಕಾಯಿತು. ಸರಿಸಿದ್ದೇ ಮುಂದಿನ ಚಕ್ರ ಹಗುರವಾಗಿ ಹ್ಯಾಂಡಲ್ಲು ತೂರಾಡತೊಡಗಿತು. ಭಾರದ ಸಾಮಾನನ್ನೆಲ್ಲ ಚೀಲದ ತಳಕ್ಕೆ ಹಾಕಿ, ಎರಡೂ ಮಗ್ಗುಲನ್ನು ಬೇರೆ ಬೇರೆಯಾಗಿ ತೂಗಿ ಸರಿಮಾಡಿ, ಉಪಕರಣದ ಪೊಟ್ಟಣವನ್ನು ಹ್ಯಾಂಡಲ್ಲಿನ ಮುಂದಿನ ಸಣ್ಣ ಚೀಲಕ್ಕೆ ವರ್ಗಾಯಿಸಿದ ಮೇಲೆ ಅದು ಸರಿಹೋಯಿತು. ಹೊರಡುವ ಮುನ್ನ ಹೊಸ ಸೀಟು, ಹೊಸ ಬೂಟು ಕೊಳ್ಳಬೇಕೆಂಬ ಗೆಳತಿಯ ಸಲಹೆಯನ್ನು ಹುಡುಗಿ ತಳ್ಳಿಹಾಕಿದ್ದು ಒಳ್ಳೆಯದಾಯಿತು. ಹೊಸ ಚರ್ಮ ಪಳಗುವವರೆಗೆ ಹಳೆಯ ಚರ್ಮ ನೋಯಬೇಕು.

ಬಟ್ಟೆ ಎರಡು ಜೊತೆ, ರಾತ್ರಿ ಒಗೆದು ಹರವಿದರೆ ಬೆಳಗಾಗುವುದರೊಳಗೆ ಒಣಗುವಂಥವು. ಒಂದು ತೆಳುವಾದ ಬೈರಾಸು. ಅವಳ ತಾಯಿಯ ರಗ್ಗಿನ ಬದಲಿಗೆ ನಾನು ಸೂಚಿಸಿದ್ದು ಇದೊಂದೇ. ಮೈ ಒರೆಸಲು, ಹೊದೆಯಲು, ಬಿಸಿಲಿಗೆ ತಲೆಗೆ ಸುತ್ತಲು, ಕೈ ಉಳುಕಿದರೆ ಕೊರಳಿಗೆ ಜೋಲಿ ಕಟ್ಟಲು ಅದು ಬರುತ್ತದೆ. ಔಷಧದ ಡಬ್ಬಿ ಕುಗ್ಗಿ ಅಂಗೈಯಗಲದ ಪೊಟ್ಟಣವಾಗಿದೆ: ಗಾಯದ ಮುಲಾಮು, ಪಟ್ಟಿ, ಜ್ವರದ ಮಾತ್ರೆ, ಒಂದೊಂದು ಲೀಟರಿಗೆ ಒಂದೊಂದರಂತೆ ಓಆರ್‌ಎಸ್ ಪುಡಿ. ಅದು ತೀರಿದರೆ ಒಂದು ಲೀಟರು ಶುದ್ಧ ನೀರಿಗೆ ಆರು ಚಹಾ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಎಂಬುದನ್ನು ಬಾಯಿಪಾಠ ಮಾಡಿಸಿದ್ದೇನೆ. ನನ್ನ ಪುಸ್ತಕ ಕಪಾಟಿಗೆ ಮರಳಿತು. ತಕ್ಕಡಿ ಈಗ ತೋರಿಸುವುದು 9 ಕಿಲೋ 100 ಗ್ರಾಮು, ನೀರನ್ನು ಬಿಟ್ಟು. ಅವಳ ತಾಯಿ ನಿನ್ನೆ ಸಂಜೆ ತಾವಾಗಿಯೇ ಬಂದು ಕೆಂಪು ದೀಪವನ್ನು ಹಚ್ಚಿ ಆರಿಸಿ ನೋಡಿದರು, ಅದರ ಬ್ಯಾಟರಿ ಎಷ್ಟು ಹೊತ್ತು ಬರುತ್ತದೆಂದು ಕೇಳಿದರು. ಒಪ್ಪಿಗೆಯೋ ಅಲ್ಲವೋ ನಾನು ಹೇಳಲಾರೆ.

ಬರುವ ಭಾನುವಾರ ಬೆಳಕು ಹರಿದ ಮೇಲೆ ಅವರಿಬ್ಬರು ಹೊರಡುತ್ತಾರೆ. ಕುಂದಾಪುರ, ಉಡುಪಿ, ಮಂಗಳೂರು, ಕಾಸರಗೋಡುಗಳಲ್ಲಿ ನನ್ನ ವಿದ್ಯಾರ್ಥಿಗಳು, ನಮ್ಮ ನೆಂಟರಿಷ್ಟರು ಇದ್ದೀರಿ. ನಿಮ್ಮಲ್ಲಿ ಕೆಲವರು ಈಗಾಗಲೇ ಕೇಳಿದ್ದೀರಿ, ನಾವೇನು ಮಾಡಬೇಕೆಂದು. ಅವರು ನಿಮ್ಮ ಮನೆಗೆ ಬಂದರೆ ಸ್ನಾನಕ್ಕೆ ಬಿಸಿನೀರು ಕೊಡಿ, ಹೊಟ್ಟೆ ತುಂಬ ಊಟ ಹಾಕಿ, ಸೈಕಲ್ಲನ್ನು ಮಳೆಬಿಸಿಲು ತಾಗದಲ್ಲಿ ಇರಿಸಿಕೊಳ್ಳಿ, ಬೇಗ ಮಲಗಲು ಬಿಡಿ. ಬೆಳಗ್ಗೆ ಬೀಳ್ಕೊಡುವಾಗ ದಯವಿಟ್ಟು ಕೈಗೆ ಏನನ್ನೂ ಕೊಡಬೇಡಿ. ಹೆಣ್ಣುಮಕ್ಕಳನ್ನು ಬರಿಗೈಯಲ್ಲಿ ಕಳುಹಿಸಬಾರದೆಂಬ ಸಂಪ್ರದಾಯವನ್ನು ಬಿಡಲಾಗದವರು ಅರಿಶಿನ ಕುಂಕುಮ ಕೊಟ್ಟು ಅಷ್ಟಕ್ಕೇ ನಿಲ್ಲಿಸಿ. ತೆಂಗಿನಕಾಯಿಯನ್ನಂತೂ ಬೇಡವೇ ಬೇಡ.